ಯಜಮಾನರ ನಿದ್ದೆಗೆ ನನ್ನ ಕಾವಲು

ಆ ದಿನ ಬೆಳಿಗ್ಗೆಯೂ ಐದೂವರೆಗೇ ಎದ್ದೆ. ಎಂದಿನಂತೆ ಬಾಯಿ ಒಣಗಿತ್ತು. ಎಂದಿನಂತೆ ಹಣೆಯ ಮೇಲೆ ಯಾರೋ ಒಳಕಲ್ಲು ಇಟ್ಟ ಹಾಗೆ ತಲೆ ಭಾರವಾಗಿತ್ತು. ಎಂದಿನಂತೆ ಯಜಮಾನರ ಗೊರಕೆಯನ್ನು ಮನಸ್ಸಿನಲ್ಲೇ ಬೈದುಕೊಂಡೆ. ಅವರು ಹಿಂದಿನ ರಾತ್ರಿ ಡ್ಯೂಟಿಯಲ್ಲಿದ್ದರು, ನಿಜ. ಆದರೆ ವರ್ಷಗಟ್ಟಲೆ ಕೆಟ್ಟ ನಿದ್ದೆ ಒಂದು ರಾತ್ರಿಯ ಶಾಂತಿಯಿಂದ ಸರಿಹೋಗುವುದುಂಟೇ?

ಅಂಗಳಕ್ಕೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಟ್ಟೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ ಸಂಸಾರ ಹೂಡಿದವರಿಗೆ ಬೆಳಗಿನ ಕೆಲಸ ಒಂದು ಹೆಚ್ಚು. ತುಳಸಿಯ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಬೇಕು. ಒರೆಸಿದ ಮೇಲೆಯೇ ಅದು ತುಳಸಿ. ಅಲ್ಲಿಯವರೆಗೆ ಯಾವುದೋ ಬೂದು ಬಣ್ಣದ ಗಿಡ. ಹಾಲು ಕಾಯಿಸಿದೆ. ಆರೂವರೆಗೆ ಗೇಟು ಕಿರ್ರೆಂದಿತು. ಯಜಮಾನರು ನೈಟ್ ಶಿಫ್ಟ್ ಮುಗಿಸಿ ಬಂದರು. ಒಂದು ಕೈಯಲ್ಲಿ ಖಾಲಿ ಬುತ್ತಿ, ಇನ್ನೊಂದರಲ್ಲಿ ಹಳದಿ ಹೆಲ್ಮೆಟ್.

ಈ ಹೆಲ್ಮೆಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಾಲೊನಿಯಲ್ಲಿ ಒಂದು ಪದ್ಧತಿ. ನೈಟ್ ಶಿಫ್ಟಿನಿಂದ ಬಂದ ಗಂಡಸು ಒಳಗೆ ಮಲಗಿದ್ದರೆ ಅವನ ಹೆಲ್ಮೆಟ್ಟನ್ನು ಗೇಟಿನ ಮೊನೆಗೆ ಸಿಕ್ಕಿಸಬೇಕು. ಅದನ್ನು ಕಂಡರೆ ಹಾಲಿನವನು ಗಂಟೆ ಒತ್ತುವುದಿಲ್ಲ. ತರಕಾರಿಯವಳು ಕೂಗುವುದಿಲ್ಲ. ಮಕ್ಕಳು ಚೆಂಡನ್ನು ಬೇರೆ ಓಣಿಗೆ ಒಯ್ಯುತ್ತಾರೆ. ಯಾವ ಕಾನೂನಿನಲ್ಲೂ ಬರೆದಿಲ್ಲ, ಆದರೂ ಇಷ್ಟು ಕಟ್ಟುನಿಟ್ಟಾಗಿ ಪಾಲನೆಯಾಗುವ ಕಾನೂನು ನಾನು ಬೇರೆ ಕಂಡಿಲ್ಲ!

ಇಷ್ಟೆಲ್ಲ ಮಾಮೂಲು. ಮಾಮೂಲಲ್ಲದ್ದು ಒಂದೇ. ದೇವರ ಮಾಡದ ಪಕ್ಕದಲ್ಲಿ, ಒಗೆದ ಕರವಸ್ತ್ರದ ಮೇಲೆ, ಒಂದು ಯಂತ್ರ ಕುಳಿತಿತ್ತು.

ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಂದು ವ್ಯಾಜ್ಯ ನಡೆದಿತ್ತು. ಗೊರಕೆ ಹೊಡೆಯುವವರು ಯಾರು? ನಾನು ಅವರೆನ್ನುತ್ತಿದ್ದೆ. ಅವರು ನಾನೆನ್ನುತ್ತಿದ್ದರು. ಇದಕ್ಕಿಂತ ದೊಡ್ಡ ಅಪವಾದ ಇದೆಯೇ? ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸೀನಬೇಕಾದರೂ ಕರವಸ್ತ್ರ ಹಿಡಿದು, ಸೀನಿದ ಮೇಲೆ ಪಕ್ಕದವರ ಕ್ಷಮೆ ಕೇಳಬೇಕಿತ್ತು. ಅಂಥ ಶಾಲೆಯಿಂದ ಬಂದವಳು ಗೊರಕೆ ಹೊಡೆಯುತ್ತಾಳೆಂದರೆ ಯಾರು ನಂಬುತ್ತಾರೆ? ಸಾಕ್ಷಿ ಹೇಳಲು ಮನೆಯಲ್ಲಿ ಮೂರನೆಯವರಿರಲಿಲ್ಲ. ಮಗಳು ಕಲಬುರ್ಗಿಯ ಹಾಸ್ಟೆಲಿನಲ್ಲಿದ್ದಳು. ಅವಳನ್ನು ಕೇಳಿದರೆ, “ಇಬ್ಬರೂ ಹೊಡೀರಿ, ನನ್ನ ಬಿಡ್ರಿ” ಎನ್ನುತ್ತಿದ್ದಳು.

ಕೊನೆಗೆ ನಾನೇ ಹಟ ಹಿಡಿದು ಅವರನ್ನು ಕಲಬುರ್ಗಿಯ ಎದೆ ಡಾಕ್ಟರ ಬಳಿ ಕರೆದೊಯ್ದೆ. ಅಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ, ಮೊದಲಿನಿಂದ ಕೊನೆಯವರೆಗೆ, ಅಲ್ಪವಿರಾಮ ಪೂರ್ಣವಿರಾಮ ಸಮೇತ ನಿವೇದಿಸಿದೆ. ಗೊರಕೆ ಹೇಗೆ ಸಣ್ಣದಾಗಿ ಶುರುವಾಗುತ್ತದೆ, ಹೇಗೆ ಗೂಡ್ಸ್ ಗಾಡಿಯಂತೆ ಏರುತ್ತದೆ, ಇತ್ಯಾದಿ. ಇವರು ನಡುವೆ ಬಾಯಿ ತೆರೆದಾಗಲೆಲ್ಲ ಡಾಕ್ಟರು, “ನೀವು ತಡೀರಿ, ಅವರು ಮುಗಸ್ಲಿ” ಎಂದರು. ಅಂದೇ ನನಗೆ ಆ ಡಾಕ್ಟರ ಮೇಲೆ ಗೌರವ ಹುಟ್ಟಿತು.

ಆದರೆ ಆಮೇಲೆ ಅವರು ಹೇಳಿದ್ದು ಕೇಳಿ ನನ್ನ ಉತ್ಸಾಹ ಇಳಿಯಿತು. ಕೆಲವರಿಗೆ ನಿದ್ದೆಯಲ್ಲಿ ನಡುನಡುವೆ ಉಸಿರೇ ನಿಲ್ಲುತ್ತದಂತೆ. ಆಗ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಹೃದಯ ಒದ್ದಾಡುತ್ತದಂತೆ. ಹಗಲೆಲ್ಲ ತೂಕಡಿಕೆ, ತಲೆ ಭಾರ. ಹಾಗೇ ಬಿಟ್ಟರೆ ಒಳ್ಳೆಯದಲ್ಲವಂತೆ. ರೈಲಿನಲ್ಲಿ ವಾಪಸು ಬರುವಾಗ ಇವರನ್ನೇ ನೋಡುತ್ತ ಕೂತೆ. ಇವರು ಕಿಟಕಿಗೆ ತಲೆ ಆನಿಸಿ ಶೇಂಗಾ ಬಿಡಿಸುತ್ತಿದ್ದರು. ಸಿಪ್ಪೆಯನ್ನು ಕೆಳಗೆ ಚೆಲ್ಲದೆ ಜೇಬಿಗೆ ಹಾಕಿಕೊಳ್ಳುವ ಮನುಷ್ಯ. ಈ ಮನುಷ್ಯನ ಉಸಿರು ನಿಂತರೆ? ಗೊರಕೆ ಇನ್ನೂ ನಲವತ್ತು ವರ್ಷ ಹೊಡೆಯಲಿ ದೇವರೇ ಎಂದುಕೊಂಡೆ.

ಇದನ್ನು ಪರೀಕ್ಷಿಸಲೆಂದೇ ಆ ಯಂತ್ರ. ಸೋಪಿನ ಡಬ್ಬಿಯಷ್ಟು ದೊಡ್ಡದು. ಅದಕ್ಕೊಂದು ವಯರು, ವಯರಿನ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು, ಒಳಗೆ ಕೆಂಪು ದೀಪ. ಬೆರಳಿಗೆ ಸಿಕ್ಕಿಸಿದರೆ ಮೇಲೆ ಆಮ್ಲಜನಕದ ಅಂಕಿ, ಕೆಳಗೆ ನಾಡಿಯ ಅಂಕಿ. ನೈಟ್ ಶಿಫ್ಟಿನವರು ಹಗಲು ಮಲಗಿದಾಗ ಹಾಕಿದರೂ ಸರಿ, ನಾಲ್ಕು ಗಂಟೆಯ ನಿದ್ದೆ ಸಾಕು, ಆದರೆ ಯಂತ್ರ ನಾಳೆ ಸಂಜೆಗೆ ವಾಪಸು ಬರಬೇಕು, ಬೇರೆಯವರು ಕಾದಿದ್ದಾರೆ ಎಂದರು ಡಾಕ್ಟರು. ಕೊನೆಯಲ್ಲಿ, “ಎಲ್ಲಾ ಅದೇ ಬರಕೋತದ. ನೀವೇನೂ ಮಾಡೋದು ಬ್ಯಾಡ. ಹಾಕ್ರಿ, ಮಲಗಸ್ರಿ, ಬಿಟ್ಟುಬಿಡ್ರಿ” ಎಂದರು.

ಆ “ಬಿಟ್ಟುಬಿಡ್ರಿ” ಒಂದು ನನ್ನ ಕಿವಿಗೆ ಬೀಳಲಿಲ್ಲ.

ಏಕೆಂದರೆ ನಾನು ಎಂಟನೆಯ ತರಗತಿಯಲ್ಲಿ ಪ್ರಥಮ ಚಿಕಿತ್ಸೆಯಲ್ಲಿ ಬಹುಮಾನ ಪಡೆದವಳು! ಗೆಳತಿಯ ಮೊಣಕೈಗೆ ನಾನು ಕಟ್ಟಿದ ಬ್ಯಾಂಡೇಜನ್ನು ಸಿಸ್ಟರು ಇಡೀ ಶಾಲೆಗೆ ತೋರಿಸಿದ್ದರು. ಅದನ್ನು ಬಿಚ್ಚಲು ಕತ್ತರಿ ಬೇಕಾಯಿತೆಂಬುದು ಬೇರೆ ಮಾತು.

ಯಜಮಾನರು ಸ್ನಾನ ಮುಗಿಸಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ತಿನ್ನುವಷ್ಟರಲ್ಲಿ ನಾನು ಸಿದ್ಧತೆ ಮುಗಿಸಿದ್ದೆ. ಹಾಸಿಗೆಗೆ ಒಗೆದ ಚಾದರ. ದಿಂಬಿಗೆ ಒಗೆದ ಗವಸು. ಪರೀಕ್ಷೆ ನಡೆಯುವ ಮನೆಯಲ್ಲಿ ಏನೂ ಕೊಳೆ ಇರಬಾರದೆಂಬ ಹುಮ್ಮಸ್ಸಿನಲ್ಲಿ, ಹೊಳೆದೇಬಿಟ್ಟಿತು, ಹೆಲ್ಮೆಟ್ಟನ್ನೂ ಒಗೆದುಬಿಟ್ಟೆ! ಹನ್ನೆರಡು ವರ್ಷದ ಸುಣ್ಣದ ಧೂಳು ಅದರೊಳಗೆ ಪದರುಪದರಾಗಿ ಕೂತಿತ್ತು. ತೆಂಗಿನ ನಾರಿನಿಂದ ತಿಕ್ಕಿ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಬಂದೆ. ಬಿಸಿಲಿಗೆ ಅದು ಹಳದಿ ಕುಂಬಳಕಾಯಿಯ ಹಾಗೆ ಹೊಳೆಯುತ್ತಿತ್ತು. ಎಂಥ ಸಂತೋಷ!

ಆಮೇಲೆ ಒಂದು ನೋಟ್‌ಬುಕ್ ತೆಗೆದು ಸ್ಕೇಲಿನಿಂದ ಗೆರೆ ಎಳೆದೆ. ಸಮಯ, ನಾಡಿ, ಆಮ್ಲಜನಕ, ಷರಾ. ನಾಡಿಗೆ ನೀಲಿ ಪೆನ್ನು, ಆಮ್ಲಜನಕಕ್ಕೆ ಕೆಂಪು.

“ಕೈ ಕೊಡ್ರಿ” ಎಂದೆ.

“ಯಾಕ, ಮತ್ತೊಮ್ಮೆ ಲಗ್ನ ಆಗ್ತೀಯೇನು?”

“ಚಾಷ್ಟಿ ಬ್ಯಾಡ. ಟೈಮ್ ಆಗಲಿಕತ್ತದ.”

ಅವರ ಬೆರಳುಗಳು ಕಾರ್ಖಾನೆಯ ಗ್ರೀಸಿನಿಂದ ಒಡೆದು ಒರಟಾಗಿದ್ದವು. ಯಂತ್ರಕ್ಕೆ ಚುಚ್ಚೀತೆಂದು ಬಿಸಿನೀರಿನಲ್ಲಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ, ಚೆನ್ನಾಗಿ ನೀವಿದೆ. ಇದು ಎರಡನೆಯ ತಪ್ಪು. ಮೊದಲನೆಯದು ಒಗೆಯುವ ಕಲ್ಲಿನ ಮೇಲೆ ಒಣಗುತ್ತಿತ್ತು. ಅದು ತಪ್ಪೆಂದು ನನಗಿನ್ನೂ ಗೊತ್ತಿರಲಿಲ್ಲ.

ಕ್ಲಿಪ್ಪು ಹಾಕಿದೆ. ಕೆಂಪು ದೀಪ ಹತ್ತಿತು. ತೊಂಬತ್ತೇಳು, ಎಪ್ಪತ್ತೆರಡು!

“ಬಂತರೀ! ಬಂತು! ಹೂಂ, ಈಗ ಮಲಗ್ರಿ.”

ಅವರು ಮಲಗಿದರು. ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಐದು ನಿಮಿಷವಾಯಿತು. ಒಂದು ಕಣ್ಣು ತೆರೆದರು.

“ಮಾಲತೀ, ನೀ ಹಿಂಗ ಎವಿ ಬಡೀದ ನೋಡ್ಲಿಕತ್ರ ನನಗ ನಿದ್ದಿ ಹ್ಯಾಂಗ ಬರಬೇಕು?”

“ನಾ ನಿಮ್ಮನ್ನ ನೋಡ್ಲಿಕತ್ತಿಲ್ಲ. ಮಷೀನ್ ನೋಡ್ಲಿಕತ್ತೀನಿ.”

“ಮತ್ತ ಆ ಮಷೀನ್ ನನ್ನ ನೋಡ್ಲಿಕತ್ತದಲ್ಲ!”

ಹಾಗೂ ಹೀಗೂ ಎಂಟೂಮುಕ್ಕಾಲಿಗೆ ಕಣ್ಣು ಮುಚ್ಚಿದರು. ಒಂಬತ್ತಕ್ಕೆ ಎಣ್ಣೆ ತನ್ನ ಕೆಲಸ ಶುರುಮಾಡಿತು. ಕ್ಲಿಪ್ಪು ಬೆರಳಿನಿಂದ ಮೆಲ್ಲಗೆ ಜಾರತೊಡಗಿತು. ನಾನೇನು ಸುಮ್ಮನೆ ಕೂಡುವವಳೇ? ಮಗಳ ಹಳೆಯ ಶಾಲೆಯ ಬಿಳಿ ರಿಬ್ಬನ್ ತಂದು, ಕ್ಲಿಪ್ಪಿನ ಮೇಲಿಂದ ಬೆರಳಿಗೆ ಸುತ್ತಿ, ಬಹುಮಾನಿತ ಗಂಟು ಹಾಕಿದೆ. ಮೇಲೊಂದು ಹೂವು ಬೇರೆ.

ಅಂಕಿ ಇಳಿಯಲು ಶುರುವಾಯಿತು. ತೊಂಬತ್ತೊಂದು. ಎಂಬತ್ತಾರು. ಡಾಕ್ಟರು ಹೇಳಿದ್ದು ಇದೇ! ನನ್ನ ಕಣ್ಣೆದುರಿಗೇ! ಎಪ್ಪತ್ತೊಂಬತ್ತು!

“ರೀ! ಉಸುರು ತಗೋರಿ! ಉಸುರು ತಗೋರಿ!” ಎಂದು ಎರಡೂ ಭುಜ ಹಿಡಿದು ಅಲುಗಾಡಿಸಿದೆ.

ಅವರು ಜಿಗಿದೆದ್ದು ಕೂತರು. “ತಗೊಂಡೇ ಇದ್ದೀನಲ್ಲೇ! ಏನಾತು? ಭೂಕಂಪೇನು?”

“ನಿಮ್ಮ ಆಕ್ಸಿಜನ್ ಎಪ್ಪತ್ತೊಂಬತ್ತಕ್ಕ ಬಂದದ!”

ಅವರು ತಮ್ಮ ಬೆರಳು ಎತ್ತಿ ಹಿಡಿದರು. ಅದು ಎಳೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ತುದಿಯಲ್ಲಿ ಬಿಳಿ ಹೂವು. “ಬೆರಳಿಗೆ ನೇಣು ಹಾಕಿ, ಉಸುರು ತಗೋ ಅಂತೀಯಲ್ಲ!” ಎಂದರು.

ಗಂಟು ಬಿಚ್ಚಲು ಬರಲಿಲ್ಲ. ಕತ್ತರಿ ತಂದೆ.

ಎಣ್ಣೆಯನ್ನು ಕಡಲೆಹಿಟ್ಟಿನಿಂದ ತಿಕ್ಕಿ ತೆಗೆದು, ಬೇರೆ ಬೆರಳಿಗೆ ಕ್ಲಿಪ್ಪು ಹಾಕಿ, ಮತ್ತೆ ಮಲಗಿಸಿದೆ. ಷರಾ ಕಾಲಮ್ಮಿನಲ್ಲಿ “ತಾಂತ್ರಿಕ ಅಡಚಣೆ” ಎಂದು ಬರೆದೆ. ಒಂಬತ್ತೂವರೆ. ಕಣ್ಣು ಮುಚ್ಚಿದರು.

ಟ್ರಿಣ್ಣ್! ಬಾಗಿಲ ಗಂಟೆ. ಹಾಲಿನವನು. ಕೆಳಗಿನ ಅಂಕಿ ಎಪ್ಪತ್ತೆರಡರಿಂದ ನೂರಕ್ಕೆ ಹಾರಿತು.

ಅವನನ್ನು ಕಳಿಸಿ ಬಂದು ಕೂತೆ. ಎಪ್ಪತ್ತೆಂಟಕ್ಕೆ ಇಳಿದಿತ್ತು. ಅಷ್ಟರಲ್ಲಿ ಗ್ಯಾಸಿನವನು ಸಿಲಿಂಡರನ್ನು ನಮ್ಮ ಕಟ್ಟೆಗೇ ಕುಟ್ಟಿ, “ಗ್ಯಾಸ್!” ಎಂದ. ನೂರಾನಾಲ್ಕು! ಅವನ ಹಿಂದೆಯೇ ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಂದು, ಡಬ್ಬಿಗೆ ಡಬ್ಬಿ ಬಡಿದು ಹಾಡಿನಂತೆ ಕೂಗಿದಳು. ನೂರಾಹನ್ನೊಂದು! ಇಷ್ಟು ವರ್ಷ ಯಾರೂ ಹಾಯದ ನಮ್ಮ ಬಾಗಿಲಿಗೆ ಇವತ್ತೇ ಇಡೀ ವಾಡಿ ಏಕೆ ಬರುತ್ತಿದೆ? ನನಗೆ ತಿಳಿಯಲೇ ಇಲ್ಲ. ಷರಾ ಕಾಲಮ್ಮು ತುಂಬಿ ಮುಂದಿನ ಪುಟಕ್ಕೆ ಹೋಯಿತು.

ಮತ್ತೆ ಟ್ರಿಣ್ಣ್! ಈ ಸಲ ಶಿವಲೀಲಾ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡನೂ ಇದೇ ಕಾರ್ಖಾನೆಯವನು. ಬರಿಗೈಲಿ ಬಂದಿದ್ದಳು.

“ವೈನೀ, ಜರಾ ಹೆಪ್ಪ ಕೊಡ್ರಿ. ನಮ್ಮ ಮೊಸರ ಬೆಕ್ಕ ಕುಡದದ.”

ನಾನು ತುಟಿಯ ಮೇಲೆ ಬೆರಳಿಟ್ಟು, “ಸಣ್ಣಗ ಮಾತಾಡ್ರಿ, ಮಲಗ್ಯಾರ” ಎಂದೆ.

“ಅಯ್ಯ ಯವ್ವಾ! ಅಣ್ಣಾರು ಮನ್ಯಾಗ ಹರೇನು? ಗೇಟಿಗಿ ಹೆಲ್ಮೆಟ್ ಇಲ್ಲಲ್ರೀ! ಡೇ ಶಿಫ್ಟಿಗಿ ಹೋಗ್ಯಾರಂತ ತಿಳದಿನ್ರಿ. ನಾನೇ ಆ ಪಾತ್ರಿ ಮಾರೋಕಿಗಿ ನಿಮ್ಮ ಮನಿ ತೋರ್ಸಿನ್ರಿ, ‘ಅವ್ರ ಬಲ್ಲಿ ಭಾಳ ಸೀರಿ ಅವ, ಜೋರಾಗಿ ಕೂಗು’ ಅಂತ!”

ಹೆಲ್ಮೆಟ್! ಹಿತ್ತಲಿಗೆ ಓಡಿದೆ. ಒದ್ದೆ ಹೆಲ್ಮೆಟ್ಟನ್ನು ಎತ್ತಿಕೊಂಡು, ಸೆರಗು ಸಿಕ್ಕಿಸಿ, ಮನೆ ಸುತ್ತಿಕೊಂಡು ಗೇಟಿಗೆ ಓಡಿದೆ. ಹತ್ತು ಸೆಕೆಂಡಿನಲ್ಲಿ ಕಾಲೊನಿಯ ಕಾನೂನು ಪುನಃ ಜಾರಿಗೆ ಬಂತು.

ವಾಪಸು ಬಂದರೆ ಶಿವಲೀಲಾ ಮಲಗುವ ಕೋಣೆಯ ಪರದೆ ಸರಿಸಿ ಇಣುಕುತ್ತಿದ್ದಳು. “ಯಾನ್ರಿ ಅದು, ಅಣ್ಣಾರ ಬೆರಳಿಗಿ? ಕರೆಂಟ್ ಹಾಕೀರೇನ್ರಿ?”

“ಇಲ್ರಿ, ಸೆಲ್ಲಿಂದು. ಬಿ.ಪಿ. ನೋಡೋದು” ಎಂದು, ನಮ್ಮ ಬಟ್ಟಲಿನಲ್ಲೇ ಹೆಪ್ಪು ಹಾಕಿ ಕೊಟ್ಟು ಕಳಿಸಿದೆ. ಮನೆಯ ಗೊರಕೆ ಗಂಡಹೆಂಡಿರ ಖಾಸಗಿ ವಿಷಯ. ನೆರೆಯವರ ಮುಂದೆ ಅದನ್ನು ಬಿಚ್ಚಬಾರದೆಂಬುದು ನನ್ನ ನಿಯಮ. ಆ ನಿಯಮವನ್ನು ಅಂದು ಮುರಿದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು!

ಹನ್ನೊಂದೂವರೆಗೆ ಯಜಮಾನರು ನಿಜವಾಗಿ ನಿದ್ದೆಹೋದರು. ಸಂಜೆಯ ರೈಲು ನಾಲ್ಕೂಕಾಲಿಗೆ. ಮೂರೂಮುಕ್ಕಾಲಿನವರೆಗೆ ಮಲಗಿದರೆ ನಾಲ್ಕು ಗಂಟೆಯ ನಿದ್ದೆ ಸರಿಹೋಗುತ್ತದೆ. ನಾನು ಉಸಿರು ಬಿಗಿಹಿಡಿದು ಕೂತೆ. ಹನ್ನೆರಡೂವರೆಗೆ ಕಲ್ಲುಗಣಿಯ ಸೈರನ್ ಕೂಗಿತು. ಹಿಂದೆಯೇ ಬಂಡೆಗೆ ಇಟ್ಟ ಮದ್ದು ಸಿಡಿದು ನೆಲ ಗಡಗಡ ಎಂದಿತು. ಅಡುಗೆಮನೆಯ ಗೂಡಿನಲ್ಲಿ ಲೋಟಗಳು ಕಿಣಿಕಿಣಿ ಕುಣಿದವು. ಯಂತ್ರ ನೋಡಿದೆ. ಎಪ್ಪತ್ತು. ಒಂದು ಅಂಕಿಯೂ ಅಲುಗಲಿಲ್ಲ! ನಿರಾಳವಾಗಿ ಎದ್ದು ಹೋಗಿ, ತುದಿಗಾಲಿನಲ್ಲಿ ಒಂದು ಲೋಟ ನೀರು ಕುಡಿದು, ಲೋಟವನ್ನು ಹೂವಿನಂತೆ ಕೆಳಗಿಟ್ಟೆ.

“ಯಾರದು?” ಎಂದು ಒಳಗಿನಿಂದ ಗುಡುಗು.

“ಯಾರಿಲ್ಲ, ಮಲಗ್ರಿ!”

ಮಗ್ಗುಲು ಬದಲಿಸಿ ಮತ್ತೆ ಮಲಗಿದರು. ಬದಲಿಸಿದ ರಭಸಕ್ಕೆ ಕ್ಲಿಪ್ಪು ಕಳಚಿ ನೆಲಕ್ಕೆ ಬಿತ್ತು. ಯಂತ್ರ ಪೀಂ ಪೀಂ ಎಂದಿತು. ಅಂಕಿಗಳ ಜಾಗದಲ್ಲಿ ಬರೀ ಗೆರೆಗಳು. ಸಾಲಾಗಿ ಕಾದಿರುವ ರೋಗಿಗಳ ಯಂತ್ರ! ಒಡೆದುಹೋಯಿತೇ? ಪರೀಕ್ಷಿಸುವುದು ಹೇಗೆ? ಮಲಗಿದವರ ಕೈ ಮತ್ತೆ ಮುಟ್ಟುವ ಧೈರ್ಯವಾಗಲಿಲ್ಲ. ನನ್ನ ಬೆರಳಿಗೇ ಹಾಕಿಕೊಂಡೆ.

ತೊಂಬತ್ತೆಂಟು, ಎಂಬತ್ನಾಲ್ಕು. ಆಹಾ! ಯಂತ್ರಕ್ಕೆ ಏನೂ ಆಗಿರಲಿಲ್ಲ. ಮೇಲಾಗಿ ಎಂಥ ರಕ್ತ ನನ್ನದು! ಯಜಮಾನರಿಗಿಂತ ಒಂದು ಅಂಕ ಹೆಚ್ಚೇ! ಪೂರ್ತಿ ಖಾತ್ರಿಯಾಗಲೆಂದು ಇನ್ನೊಂದು ನಿಮಿಷ ಇಟ್ಟುಕೊಂಡೆ. ಕುರ್ಚಿಗಿಂತ ನೆಲ ತಂಪು. ನಮ್ಮ ಕಡೆಯ ಹಾಸುಗಲ್ಲಿನ ನೆಲ ಮಧ್ಯಾಹ್ನದಲ್ಲಿ ಮಡಕೆಯ ನೀರಿನ ಹಾಗಿರುತ್ತದೆ. ಅದರ ಮೇಲೆ ಕೂತು, ಮಂಚದ ಕಾಲಿಗೆ ಬೆನ್ನು ಆನಿಸಿ, ನೋಟ್‌ಬುಕ್ಕಿನಲ್ಲಿ ಬರೆದೆ: “ಸಮಯ ಹನ್ನೆರಡು ಐವತ್ತು. ಯಂತ್ರ ಸುಸ್ಥಿತಿಯಲ್ಲಿದೆ. ಪರೀಕ್ಷಕಿ ಎಚ್ಚರದಿಂ...”

ಅಲ್ಲಿಂದ ಮುಂದೆ ನೀಲಿ ಗೆರೆಯೊಂದು ಪುಟದ ಅಂಚಿನವರೆಗೆ ಹರಿದು ಹೋಗಿದೆ. ಇರುವೆಯೊಂದು ಮಸಿಯಲ್ಲಿ ಅದ್ದಿ ಎದ್ದು ಊರಿಗೆ ಹೊರಟ ಹಾಗೆ.

ಎಚ್ಚರವಾದಾಗ ಗಡಿಯಾರದಲ್ಲಿ ಮೂರೂಮುಕ್ಕಾಲು! ಗದ್ದ ಎದೆಗೆ ಅಂಟಿತ್ತು. ಬಾಯಿ ಒಣಗಿತ್ತು. ಕ್ಲಿಪ್ಪು ಕೆಂಪಗೆ ಉರಿಯುತ್ತ ನನ್ನ ಬೆರಳ ಮೇಲೆ ಭದ್ರವಾಗಿ ಕೂತಿತ್ತು. ಅದಕ್ಕೆ ಯಾವ ರಿಬ್ಬನ್ನೂ ಬೇಕಾಗಿರಲಿಲ್ಲ.

ಮನೆಯಲ್ಲಿ ಎಂಥ ನಿಶ್ಶಬ್ದ! ಮಂಚದ ಮೇಲಿಂದ ಒಂದು ಸದ್ದೂ ಇಲ್ಲ. ಗೊರಕೆ ಇಲ್ಲ, ಉಸಿರಿನ ಸುಳಿವಿಲ್ಲ. ಸದ್ದೇ ಇಲ್ಲವೆಂದರೆ... ದೇವರೇ! ಮಂಚ ಹಿಡಿದುಕೊಂಡೇ ಎದ್ದು, ಅವರ ಮೂಗಿನ ಕೆಳಗೆ ಅಂಗೈ ಇಟ್ಟೆ.

ಒಂದು ಕಣ್ಣು ತೆರೆಯಿತು. “ಈಗೇನು, ಮೂಗಿಗೂ ರಿಬ್ಬನ್ ಕಟ್ಟಾಕಿಯೇನು?”

ಅಳು ಬಂತು. ನಗುವೂ ಬಂತು. ಅವರು ಗಡಿಯಾರ ನೋಡಿ, “ಅಯ್ಯ, ರೈಲು!” ಎಂದು ಎದ್ದರು. ಹಾಸಿಗೆಯ ಮೇಲೆ ಏನೂ ಇಲ್ಲದ್ದು ಕಂಡು, “ಬಿಚ್ಚಿಟ್ಟೀಯೇನು? ಛಲೋ ಆತು” ಎಂದರು. ಅಷ್ಟರಲ್ಲಿ ಕ್ಲಿಪ್ಪು ನನ್ನ ಸೆರಗಿನ ಮರೆಯಲ್ಲಿತ್ತು. ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿ, ಕೈಚೀಲಕ್ಕೆ ಹಾಕುತ್ತ ಕೇಳಿದರು: “ಎಲ್ಲಾ ಬರೋಬ್ಬರಿ ಬಂತಲ್ಲ?”

ಹತ್ತೊಂಬತ್ತು ವರ್ಷ ಒಂದು ಕೇಳಿದರೆ ಹತ್ತು ಹೇಳುತ್ತಿದ್ದ ನನ್ನ ನಾಲಿಗೆಗೆ ಆಗ ಸಿಕ್ಕದ್ದು ಒಂದೇ ಅಕ್ಷರ.

“ಹೂಂ.”

ಅವರು ಹೋದರು. ನಾನು ಕಟ್ಟೆಯ ಮೇಲೆ ಕೂತೆ. ಮೊದಲು ಹಾಯೆನಿಸಿತು. ನನ್ನ ಆರೋಗ್ಯವಂತ ಅಂಕಿಗಳನ್ನು ಡಾಕ್ಟರು ನೋಡುತ್ತಾರೆ, “ಏನೂ ಇಲ್ಲ” ಎನ್ನುತ್ತಾರೆ, ಯಜಮಾನರು ಎರಡು ದಿನ ಮೀಸೆ ತಿರುವುತ್ತಾರೆ, ಅಷ್ಟೇ ತಾನೇ? ಆಮೇಲೆ ಹೊಳೆಯಿತು. ಅವರ ಉಸಿರು ನಿಜವಾಗಿ ನಿಲ್ಲುತ್ತಿದ್ದರೆ? ಆಗ ನನ್ನ ಅಂಕಿ ಅವರಿಗೆ ಸುಳ್ಳು ಧೈರ್ಯ ಕೊಟ್ಟುಬಿಡುತ್ತದಲ್ಲ! ಅವರ ರೋಗವನ್ನು ನನ್ನ “ಹೂಂ” ಮುಚ್ಚಿಬಿಡುತ್ತದಲ್ಲ! ಸಿಸ್ಟರ ಮುಖ ಕಣ್ಣೆದುರು ಬಂತು. ಹೋಂವರ್ಕ್ ಮಾಡದೆ ಸುಳ್ಳು ಹೇಳಿದಾಗ ಅವರು ಬೈಯುತ್ತಿರಲಿಲ್ಲ. ಸುಮ್ಮನೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಅದೇ ಭಾರಿ ಶಿಕ್ಷೆ.

ಚಪ್ಪಲಿ ಮೆಟ್ಟಿಕೊಂಡು ಕಾಲೊನಿಯ ಟೆಲಿಫೋನ್ ಬೂತಿಗೆ ಹೋದೆ. ಐದೂವರೆಯಿಂದ ಆರೂಕಾಲಿನವರೆಗೆ ಎಂಗೇಜು. ಕೊನೆಗೆ ದವಾಖಾನೆಯ ಕಂಪೌಂಡರು ಎತ್ತಿದರು.

“ಡಾಕ್ಟರಿಗೆ ಅರ್ಜೆಂಟ್ ಮಾತಾಡೋದದರಿ” ಎಂದೆ.

“ಈಗ ಆಗಂಗಿಲ್ರಿ ಬಾಯೀ. ಪೇಶಂಟ್ ಒಳಗ ಹರ. ಜರಾ ಸೀರಿಯಸ್ ಕೇಸ್ ಅದ.”

“ಯಾರದ್ರಿ?”

“ಯಾರೋ ವಾಡಿಯವರಂತರಿ.”

ಫೋನು ಕುಕ್ಕಿದೆ. ಅದು ಹೇಗೆ? ಸೀರಿಯಸ್ ಹೇಗಾದೀತು? ಬರೆದಿಟ್ಟಿರುವ ನಿದ್ದೆ ನನ್ನದಲ್ಲವೇ? ದಾರಿಯುದ್ದಕ್ಕೂ ಬೆರಳು ಮಡಿಚಿ ಗಂಟೆ ಲೆಕ್ಕ ಹಾಕಿದೆ. ಯಾವ ದಿಕ್ಕಿನಿಂದ ಹಾಕಿದರೂ ಅವರ ಪಾಲಿಗೆ ಒಂದು ಗಂಟೆ ಚಿಲ್ಲರೆ, ನನ್ನ ಪಾಲಿಗೆ ಮೂರು!

ಎಂಟು ಗಂಟೆಗೆ ಗೇಟು ಕಿರ್ರೆಂದಿತು. ಯಜಮಾನರಿಗೆ ಮರುದಿನ ವಾರದ ರಜೆ, ರಾತ್ರಿ ಡ್ಯೂಟಿ ಇರಲಿಲ್ಲ. ಆದರೂ ಮುಖ ಡ್ಯೂಟಿಗೆ ಹೊರಟವರಿಗಿಂತ ಬಾಡಿತ್ತು. ಚಪ್ಪಲಿಯನ್ನು ಜೋಡಿಸಿಟ್ಟರು, ಎಂದೂ ಜೋಡಿಸದವರು. ಕಟ್ಟೆಯ ಮೇಲಿನ ಕುರ್ಚಿಯಲ್ಲಿ ಕೂತು ಜೇಬಿನಿಂದ ಮಡಿಚಿದ ಕಾಗದ ತೆಗೆದರು. ಅದರ ಮೇಲೆ ಗುಡ್ಡದ ಸಾಲಿನಂಥ ಗೆರೆ.

“ಕುಂದ್ರು, ಮಾಲತೀ.”

ಕೂತೆ.

“ಮೊದಲಿಗೆ ಎಲ್ಲಾ ಗೊಂದಲ ಅದಂತ. ನಾಡಿ ಓಡ್ಯದಂತ, ಜಿಗದದಂತ. ನಾ ಸುಮ್ಮನಿದ್ದೆ. ಮಧ್ಯಾಹ್ನದ ಮ್ಯಾಲೆ ಪಕ್ಕಾ ನಿದ್ದಿ ಬಂದದಂತ. ಆ ನಿದ್ಯಾಗ...” ಕೆಮ್ಮಿದರು. “ಆ ನಿದ್ಯಾಗ ಪದೇ ಪದೇ ಉಸುರು ನಿಂತದಂತ. ಎಂಬತ್ತೊಂದಕ್ಕ ಇಳದದಂತ. ಹೈದರಾಬಾದಿಗೆ ಹೋಗಿ ದೊಡ್ಡ ಪರೀಕ್ಷಾ ಮಾಡಸ್ರಿ ಅಂದ್ರು. ಗಾಬರಿ ಆಗೋದು ಬ್ಯಾಡ, ಇದಕ್ಕ ಇಲಾಜ್ ಅದ ಅಂದ್ರು.”

ಅವರು ಕಾಗದವನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದರು.

“ನೀ ಹೇಳಿದ್ದೇ ಖರೇ ಇತ್ತು. ಹತ್ತೊಂಬತ್ತು ವರ್ಷ ನಾನೇ ಸುಳ್ಳೇ ಜಗಳಾಡಿದೆ. ಗೊರಕಿ ನಂದೇ. ನೀ ಇಷ್ಟು ಕಾಳಜಿ ಮಾಡಿ ಕರಕೊಂಡು ಹೋಗ್ಲಿಲ್ಲಂದ್ರ ಗೊತ್ತೇ ಆಗ್ತಿರಲಿಲ್ಲ. ತಪ್ಪಾತು ನಂದು.”

ಓದುಗರೇ, ಇದನ್ನು ಎರಡು ಸಲ ಓದಿಕೊಳ್ಳಿ. “ತಪ್ಪಾತು ನಂದು”! ಮದುವೆಯಾದಂದಿನಿಂದ ಈ ಮಾತಿಗಾಗಿ ಬಾಯಾರಿ ಕಾದವಳು ನಾನು. ಇವತ್ತು ಅದು ತಾನಾಗಿ, ತಟ್ಟೆಯಲ್ಲಿ ಎಲೆಅಡಿಕೆ ಇಟ್ಟ ಹಾಗೆ, ನನ್ನ ಮುಂದೆ ಬಂದು ಕೂತಿತ್ತು. ಆದರೆ ಅದನ್ನು ವಾಪಸು ಕೊಡಬೇಕಾಗಿತ್ತು! ಅವರ ಬೆರಳ ಮೇಲೆ ರಿಬ್ಬನ್ನಿನ ಗುರುತು ಇನ್ನೂ ಹಾಗೇ ಇತ್ತು. ಅದನ್ನು ನೋಡಿದ ಮೇಲೆ ಇನ್ನೊಂದು “ಹೂಂ” ಹೇಳಲು ನನ್ನಿಂದಾಗಲಿಲ್ಲ.

“ರೀ, ಆ ಎಂಬತ್ತೊಂದು ನಿಮ್ದಲ್ಲ.”

“ಮತ್ತ ಯಾರದು?”

“ನಂದು.”

ಎಲ್ಲವನ್ನೂ ಹೇಳಿದೆ. ಕ್ಲಿಪ್ಪು ಬಿದ್ದದ್ದು, ನನ್ನ ಬೆರಳಿಗೆ ಹಾಕಿಕೊಂಡದ್ದು, ತಂಪು ನೆಲ, ಇರುವೆ ಗೆರೆ, ಸೆರಗು, “ಹೂಂ”. ಸಾಕ್ಷಿಗೆ ನೋಟ್‌ಬುಕ್ಕನ್ನೂ ತೋರಿಸಿದೆ. ಅವರು ನಗುತ್ತಾರೆಂದು ತಲೆ ತಗ್ಗಿಸಿ ಕಾದೆ. ನಗಲಿಲ್ಲ. ಕಾಗದವನ್ನು ದೀಪದ ಹತ್ತಿರ ಹಿಡಿದು, ಗುಡ್ಡ ಇಳಿದ ಜಾಗವನ್ನೆಲ್ಲ ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದರು.

“ಅದಕ್ಕೇ ಡಾಕ್ಟರು, ಮಧ್ಯಾಹ್ನದಿಂದ ನಿಮ್ಮ ನಾಡಿ ಬ್ಯಾರೇ ಮನುಷ್ಯಾರದ್ದಾಗ್ಯದಲ್ರೀ ಅಂದ್ರು” ಎಂದರು ಮೆಲ್ಲಗೆ. ಆಮೇಲೆ, “ದಿನಾ ಮುಂಜಾನಿ ತಲಿ ಭಾರ ಅಂತೀ. ಬಾಯಿ ಒಣಗ್ತದ ಅಂತೀ. ಅಕ್ಕಿ ಆರಿಸ್ತ ಆರಿಸ್ತ ತೂಕಡಸ್ತೀ. ನಾಳಿಗೆ ರಜಾ ಅದ. ಇಬ್ಬರೂ ಡಾಕ್ಟರ ಬಲ್ಲಿ ಹೋಗೋಣ. ಈ ಸಲ ಮಾತು ನಾ ಆಡ್ತೀನಿ.”

ಇಷ್ಟು ಒಳ್ಳೆಯ ಮಾತು ಕೇಳಿದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ಹತ್ತೊಂಬತ್ತು ವರ್ಷದ ವ್ಯಾಜ್ಯ! ವಕೀಲರು ಸೋತ ಮೇಲೂ ಅಪೀಲು ಹೋಗುವುದಿಲ್ಲವೇ?

“ಡಾಕ್ಟರ ಬಲ್ಲಿ ಹೋಗೋಣು, ಅದು ಖರೇ” ಎಂದೆ ಗಂಟಲು ಸರಿಮಾಡಿಕೊಂಡು. “ಉಸುರಿನ ಮಾತು ಬ್ಯಾರೆ, ಗೊರಕಿ ಮಾತು ಬ್ಯಾರೆ. ಮಷೀನ್ ಉಸುರು ಬರದದ, ಗೊರಕಿ ಬರದಿಲ್ಲ. ವರ್ಷಗಟ್ಟಲೆ ನಿಮ್ಮ ಗೊರಕಿ ಕೇಳಿ ಕೇಳಿ ನಿದ್ದಿಗೆಟ್ಟೇ ನನಗ ಹಿಂಗಾಗಿರಬೇಕು. ಅದಕ್ಕೇನು ಸಾಕ್ಷಿ ಅದ ನಿಮ್ಮ ಕಡೆ?”

ಅವರು ಬಾಯಿ ತೆರೆಯುವಷ್ಟರಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಶಿವಲೀಲಾಳ ತಲೆ ಕಾಣಿಸಿತು. ಬೆಳಿಗ್ಗೆ ಒಯ್ದ ಬಟ್ಟಲನ್ನು ತೊಳೆದು, ಬರಿದಾಗಿ ಕೊಡಬಾರದೆಂದು ನಾಲ್ಕು ಹಸಿಮೆಣಸಿನಕಾಯಿ ಹಾಕಿ ತಂದಿದ್ದಳು.

“ತಗೋರಿ ವೈನೀ, ನಿಮ್ಮ ಬಟ್ಟಲ. ಹೆಪ್ಪ ಭಾಳ ಛಲೋ ಆಯ್ತ್ರಿ” ಎಂದಳು. ಹೊರಡಲು ತಿರುಗಿದವಳು ಏನೋ ನೆನಪಾಗಿ ನಿಂತಳು. “ಇವತ್ತ ನಮ್ಮ ಮನಿಯವ್ರು ನೈಟಿಗಿ ಹೋಗ್ಯಾರ್ರಿ, ನಾ ಒಬ್ಬಾಕೇ ಇದ್ದೀನಿ. ಜರಾ ಲಗೂನ ಮಲಕ್ಕೋರಿ ವೈನೀ. ಅಣ್ಣಾರು ಡ್ಯೂಟಿಗಿ ಹೋದ ದಿನಾನೂ ನಿಮ್ಮ ಗೊರಕಿ ಗ್ವಾಡಿ ಆಚಿಂದ ಕೇಳ್ತಿರ್ತದಲ್ರೀ, ಮನ್ಯಾಗ ಗಂಡಸರು ಇದ್ದಂಗ ಧೈರ್ಯ ಇರ್ತದ್ರಿ ನನಗ!”